ಏಳು ಮನೆಯ ದಫ್ತರ

ಸುಡಾನಿನ ಓಂದುರ್ಮಾನಿನಲ್ಲಿ ಒಂದು ಕಾಲೇಜಿನ ದಾಖಲೆ ಕೋಣೆಯಲ್ಲಿ ಸಿತ್ತನಾ ಹತ್ತೊಂಬತ್ತು ವರ್ಷ ಗುಮಾಸ್ತೆಯಾಗಿದ್ದಳು. ಯಾರು ಯಾವ ವರ್ಷ, ಯಾವ ದರ್ಜೆಯಲ್ಲಿ ಪಾಸಾದರು ಎಂದು ಬರೆದಿಟ್ಟ ದಪ್ಪ ರಿಜಿಸ್ಟರುಗಳು ಅಲ್ಲಿ ನಲವತ್ತೆರಡು ಕಪಾಟು ತುಂಬ ಇದ್ದವು. ಬಂದವರು ಹೆಸರು ಹೇಳಿ ಮುಗಿಸುವ ಮೊದಲೇ ಅವಳ ಕಾಲು ಸರಿಯಾದ ಕಪಾಟಿನ ಕಡೆ ಹೊರಟಿರುತ್ತಿತ್ತು. ಗಂಡ ಮದುವೆಯಾದ ಮೂರನೇ ವರ್ಷಕ್ಕೆ ಜೆದ್ದಾಕ್ಕೆ ಹೋದವನು ಅಲ್ಲಿಯೇ ಇನ್ನೊಂದು ಸಂಸಾರ ಹೂಡಿದ್ದ. ಅವಳು ತಾಯಿ ಹಾಜ್ಜಾ ಬತೂಲಳ ಜೊತೆ ಬೈತುಲ್‌ಮಾಲ್ ಕೇರಿಯ ಹಳೆಯ ಮನೆಯಲ್ಲಿ ಇದ್ದಳು. ಮಕ್ಕಳಿರಲಿಲ್ಲ. ಆ ರಿಜಿಸ್ಟರುಗಳೇ ಅವಳ ಮಕ್ಕಳು ಎಂದು ತಾಯಿ ಎಲ್ಲರೆದುರು ಆಡಿಕೊಳ್ಳುತ್ತಿದ್ದಳು.

ಒಂದು ದಿನ ದೊಡ್ಡವರ ಪೈಕಿಯ ಒಬ್ಬ ಮನುಷ್ಯ ಬಂದು ಹದಿನಾರನೇ ಕಪಾಟಿನ ಒಂದು ಹಾಳೆ ಬದಲಿಸಿಕೊಡಬೇಕೆಂದು ಕೇಳಿದ. ಆಗುವುದಿಲ್ಲ ಎಂದಳು. ಅವನು ನಕ್ಕು ಹೋದ. ಶುಕ್ರವಾರ, ಶನಿವಾರದ ರಜೆ ಕಳೆದು ಭಾನುವಾರ ಬಂದು ನೋಡಿದರೆ ಆ ರಿಜಿಸ್ಟರಿನ ಹೊಲಿಗೆ ದಾರ ಹೊಸದಾಗಿತ್ತು, ಒಂದು ಹಾಳೆ ಮಾತ್ರ ಉಳಿದವುಗಳಿಗಿಂತ ಬೆಳ್ಳಗಿತ್ತು. ಸಿತ್ತನಾ ರಿಜಿಸ್ಟರನ್ನು ಎತ್ತಿಕೊಂಡು ನೇರ ಮೇಲಧಿಕಾರಿಯ ಬಳಿ ಹೋದಳು. ಅವರು ಹಾಳೆಯನ್ನು ನೋಡಲೂ ಇಲ್ಲ. "ನಿನ್ನ ಕಣ್ಣು ಒಂದ್ಸಲ ತೋರಿಸ್ಕೋ" ಎಂದರು.

ಅವತ್ತಿನಿಂದ ಅವಳು ಯಾರಿಗೂ ಹೇಳದೆ, ಹೊತ್ತು ಸಿಕ್ಕಾಗಲೆಲ್ಲ, ರಿಜಿಸ್ಟರಿನ ಹಾಳೆಗಳ ಫೋಟೋಗಳನ್ನು ತನ್ನ ಫೋನಿನಲ್ಲಿ ತೆಗೆದಿಡತೊಡಗಿದಳು. ಸಿಕ್ಕಿಬಿದ್ದರೆ ನೌಕರಿ ಹೋಗುತ್ತಿತ್ತು. ಫೋಟೋ ಇಟ್ಟುಕೊಂಡು ಏನು ಮಾಡಬೇಕೆಂಬುದು ಅವಳಿಗೂ ಗೊತ್ತಿರಲಿಲ್ಲ.

ಅದು ಗೊತ್ತಾದದ್ದು ಮುತವಕ್ಕಿಲ್ ಬಂದ ಮೇಲೆ. ಕಂಪ್ಯೂಟರ್ ಓದಿದ ಇಪ್ಪತ್ತಾರರ ಹುಡುಗ. ಸಹಿ ಹಾಕುವವರು ಊರಲ್ಲಿಲ್ಲವೆಂದು ಎಂಟು ತಿಂಗಳಿಂದ ತನ್ನ ಸರ್ಟಿಫಿಕೇಟಿಗೆ ಅಲೆಯುತ್ತಿದ್ದ. ಕೋಣೆಯ ಹೊರಗಿನ ಬೆಂಚು ಅವನಿಗೆ ಮನೆಯೇ ಆಗಿಹೋಗಿತ್ತು. ಕಾಯುತ್ತ ಕೂತವನಿಗೆ ಸಿತ್ತನಾ ಒಮ್ಮೆ ಬೆಳ್ಳನೆಯ ಹಾಳೆಯ ಕಥೆ ಹೇಳಿದಳು. ಅವನು ನೆಟ್ಟಗೆ ಕೂತ.

"ಸಿತ್ತನಕ್ಕ, ಒಂದೇ ದಫ್ತರ ಒಂದೇ ಕಪಾಟಲ್ಲಿದ್ರೆ ಕೀಲಿ ಇಟ್ಕೊಂಡೋನದೇ ದರ್ಬಾರು. ಅದೇ ದಫ್ತರ ಏಳು ಊರಲ್ಲಿ ಏಳು ಮನೇಲಿದ್ರೆ? ಒಂದು ಕಡೆ ತಿದ್ದಿದ್ರೆ ಮಿಕ್ಕ ಆರು ಸುಳ್ಳು ಅಂತ ಕೂಗ್ತವೆ."

ಬ್ಲಾಕ್‌ಚೈನ್ ಎಂಬ ಮಾತನ್ನು ಅವಳು ಕೇಳಿದ್ದಳು. ಅದು ದುಡ್ಡಿನ ಜೂಜು ಎಂದುಕೊಂಡಿದ್ದಳು. ಮುತವಕ್ಕಿಲ್ ಅದನ್ನು ಗುಮಾಸ್ತೆಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದ. ಏಳು ಕಂಪ್ಯೂಟರು, ಅವನ್ನು ಕಾಯುವ ಏಳು ಜನ. ಒಂದು ಹೆಸರು ಬರೆಯಬೇಕಾದರೆ ಅದರ ಹಾಳೆಯ ಫೋಟೋ ಏಳೂ ಮನೆಗೆ ಹೋಗಬೇಕು. ಐದು ಜನ ನೋಡಿ, ತಮ್ಮ ತಮ್ಮ ಗುಟ್ಟಿನ ಅಂಕಿಯ ಕೀಲಿಯಿಂದ ಹೌದು ಎನ್ನಬೇಕು. ಐದು ಹೌದು ಬಿದ್ದ ಮೇಲೆ ಆ ಹೆಸರನ್ನು ಅಳಿಸಲು ಯಾರಿಂದಲೂ ಆಗದು, ಬರೆದವರಿಂದಲೂ. ಅದರ ಕೋಡ್ ಪೂರ್ತಿ ಬಯಲಿನಲ್ಲಿರುತ್ತದೆ; ಯಾರು ಬೇಕಾದರೂ ಓದಬಹುದು, ತಪ್ಪು ಹುಡುಕಬಹುದು, ನಕಲು ಮಾಡಿಕೊಂಡು ಹೋಗಬಹುದು.

ಕೋಡ್ ಬರೆಯುವುದು ಅವನಿಗೆ ನೀರು ಕುಡಿದಷ್ಟು ಸುಲಭವಾಯಿತು. ಜನರನ್ನು ಹುಡುಕುವುದು ಆಗಲಿಲ್ಲ. ಅವನು ಇಂಗ್ಲಿಷಿನಲ್ಲಿ ಬರೆದು ಅಂತರ್ಜಾಲಕ್ಕೆ ಹಾಕಿದ ಕರೆಗೆ ಒಂದು ವರ್ಷದಲ್ಲಿ ಇಬ್ಬರು ಉತ್ತರಿಸಿದರು, ಅದರಲ್ಲೊಬ್ಬ ಏನನ್ನೋ ಮಾರಲು ಬಂದವನು. ಸಿತ್ತನಾ ಅದನ್ನೆಲ್ಲ ಬದಿಗಿಟ್ಟು, ಅಡುಗೆ ಹೇಳಿಕೊಡುವ ಹಾಗೆ ಅರಬ್ಬಿಯಲ್ಲಿ ಹದಿನಾಲ್ಕು ಪುಟ ಬರೆದಳು: ಯಂತ್ರ ಎಲ್ಲಿಡಬೇಕು, ಧೂಳಿನ ಗಾಳಿ ಬಂದರೆ ಏನು ಹೊದಿಸಬೇಕು, ಕರೆಂಟು ಹೋಗಿ ಬಂದರೆ ಮೊದಲು ಏನು ನೋಡಬೇಕು. ಬಸ್ಸು ಹತ್ತಿ ಊರೂರು ತಿರುಗಿದಳು. ಬೀದಿಬದಿ ಚಹಾ ಮಾರುವ ಹೆಂಗಸಿನ ಮುಂದೆ ಮೋಟು ಸ್ಟೂಲಿನ ಮೇಲೆ ಕೂತು, ಒಬ್ಬೊಬ್ಬರಿಗೂ ಬೆಳ್ಳನೆಯ ಹಾಳೆಯ ಕಥೆ ಹೇಳಿದಳು. ನಗದೆ ಕೇಳಿದವರನ್ನು ಮಾತ್ರ ಸೇರಿಸಿಕೊಂಡಳು. ವಾದ್ ಮದನಿಯಲ್ಲಿ ಔಷಧದಂಗಡಿಯ ಎಹ್ಲಾಮ್ ಒಪ್ಪಿದಳು. ಅಲ್ ಉಬೈಯಿದ್‌ನಲ್ಲಿ ಮೊಬೈಲು ರಿಪೇರಿಯ ಕುಕು, ಅತ್ಬರಾದಲ್ಲಿ ರೈಲ್ವೆ ಶಾಲೆಯ ಹಸಬು ಮೇಷ್ಟ್ರು. ಕಸ್ಸಲಾ ಮತ್ತು ಪೋರ್ಟ್ ಸುಡಾನಿನಲ್ಲಿ ಒಂದೊಂದು ಮನೆ ಸಿಕ್ಕಿತು. ಒಂದು ಯಂತ್ರ ನದಿಯಾಚೆ ಬಹ್ರಿಯಲ್ಲಿ ಮುತವಕ್ಕಿಲನ ಕೋಣೆಯಲ್ಲಿ, ಇನ್ನೊಂದು ಕಾಲೇಜಿನ ಅವಳದೇ ಮೇಜಿನ ಕೆಳಗೆ. ಮೂರು ವರ್ಷಕ್ಕೆ ಏಳು ಮನೆಯಾದವು, ಅವುಗಳ ಸುತ್ತ ನಲವತ್ತು ಜನ ಕೈಜೋಡಿಸಿದರು.

"ಬೆಕ್ಕು ಮರೀನ ಏಳು ಮನೆ ತಿರುಗಿಸಿದ ಹಾಗೆ ತಿರುಗ್ತೀಯಲ್ಲೇ" ಎಂದಳು ಹಾಜ್ಜಾ ಬತೂಲ್. "ಕೊನೆಗೆ ಯಾವ ಮನೇಲಿ ಬಿಡ್ತೀಯ?"

"ಯಾವ ಮನೇಲೂ ಬಿಡಲ್ಲಮ್ಮ. ಏಳರಲ್ಲೂ ಬಿಡ್ತೀನಿ."

ಒಂದೇ ಒಂದು ವಿಷಯಕ್ಕೆ ಅವಳಿಗೂ ಮುತವಕ್ಕಿಲನಿಗೂ ಜಗಳ. ಏಳು ಮನೆ ಯಾವುವು, ಎಷ್ಟು ಹೌದು ಬೇಕು ಎಂಬ ನಿಯಮ ಕೋಡಿನೊಳಗೇ ಇತ್ತು. ಅದನ್ನು ತಿದ್ದುವ ಹಕ್ಕಿನ ಕೀಲಿ ಅವನೊಬ್ಬನ ಕೈಲಿತ್ತು. ಒಡೆಯನೇ ಇಲ್ಲದ ದಫ್ತರಕ್ಕೆ ನೀನೇ ಒಡೆಯನಾಗಿ ಕೂತಿದ್ದೀಯಲ್ಲ, ನಾಳೆ ನಿನಗೇನಾದರೂ ಆದರೆ ಎಂದು ಅವಳು ಕೇಳುತ್ತಲೇ ಇದ್ದಳು. ನಮ್ಮಜ್ಜ ತೊಂಬತ್ತನಾಲ್ಕು ಬದುಕಿದ್ದ ಎಂದು ಅವನು ನಗುತ್ತಿದ್ದ. ಹಬ್ಬ ಕಳೆಯಲಿ, ಮೂರು ಜನಕ್ಕೆ ಹಂಚಿಕೊಡ್ತೀನಿ ಎಂದು ಆ ರಂಜಾನಿನ ಮೊದಲ ವಾರ ಮಾತು ಕೊಟ್ಟ.

ಹಬ್ಬಕ್ಕೆ ಆರು ದಿನ ಇರುವಾಗ, ಶನಿವಾರ ಬೆಳಿಗ್ಗೆ, ಯುದ್ಧ ಶುರುವಾಯಿತು.

ಮೊದಲ ವಾರದಲ್ಲೇ ಕಾಲೇಜು ಸುಟ್ಟಿತು. ನಲವತ್ತೆರಡು ಕಪಾಟೂ ಹೋದವು, ಮೇಜಿನ ಕೆಳಗಿನ ಯಂತ್ರವೂ ಅದರಲ್ಲೇ ಇದ್ದ ಅವಳ ಕೀಲಿಯೂ ಹೋದವು. ಸಿತ್ತನಾ ತಾಯಿಯನ್ನು ಕರೆದುಕೊಂಡು, ಒಂದು ಚೀಲ, ಒಂದು ಫೋನು ಹಿಡಿದು, ಎರಡು ದಿನ ಲಾರಿಯ ಮೇಲೆ ಕೂತು ಅತ್ಬರಾದ ಸೋದರಮಾವನ ಮನೆ ಸೇರಿದಳು. ಮುತವಕ್ಕಿಲ್ ಹೊರಡಲಿಲ್ಲ. ಅವನ ತಂದೆ ಹಾಸಿಗೆ ಹಿಡಿದಿದ್ದರು. ಛಾವಣಿಯ ಸೌರಫಲಕದಿಂದ ಅವನ ಯಂತ್ರ ಹತ್ತೊಂಬತ್ತು ದಿನ ನಡೆಯಿತು. ಅವನ ಕೊನೆಯ ದನಿಸಂದೇಶದಲ್ಲಿ ಹಿಂದೆ ಯಾವುದೋ ಬಾಗಿಲು ಬಡಿಯುವ ಸದ್ದಿತ್ತು. "ಅಕ್ಕ, ಇಲ್ಲಿ ನೀರು ನಿಂತು ನಾಲ್ಕು ದಿನ ಆಯ್ತು. ಕೀಲಿ ವಿಷಯ ಮರೆತಿಲ್ಲ. ಒಂಚೂರು ಸಿಗ್ನಲ್ ಸಿಕ್ಕಿದ್ರೆ ಕಳಿಸ್ತೀನಿ." ಆಮೇಲೆ ಯಂತ್ರವೂ ಸುಮ್ಮನಾಯಿತು, ಅವನೂ ಸುಮ್ಮನಾದ.

ಉಳಿದದ್ದು ಐದು ಮನೆ. ಹೌದು ಎನ್ನಲು ಬೇಕಾದದ್ದೂ ಐದು.

ದೇಶದೊಳಗೂ ಹೊರಗೂ ಚೆಲ್ಲಾಪಿಲ್ಲಿಯಾದ ಜನ ತಿಂಗಳೊಪ್ಪತ್ತಿನಲ್ಲಿ ಅವಳನ್ನು ಹುಡುಕಿಕೊಂಡು ಬರತೊಡಗಿದರು. ಉಟ್ಟ ಬಟ್ಟೆಯಲ್ಲಿ ಓಡಿಬಂದವರ ಬಳಿ ತಾವು ಓದಿದ್ದಕ್ಕೆ ಒಂದು ತುಂಡು ಕಾಗದವೂ ಇರಲಿಲ್ಲ. ದಫ್ತರ ಸೇರಿದ್ದವರಿಗೆ ಅವಳು ಪುರಾವೆ ಕಳಿಸಿದಳು. ದೂರದ ಆಸ್ಪತ್ರೆಯೊಂದು ಅದನ್ನು ಒಪ್ಪಿ ಒಬ್ಬ ವೈದ್ಯನಿಗೆ ಕೆಲಸ ಕೊಟ್ಟಿತು. ಆದರೆ ಸೇರದವರೇ ಬಹಳ. ಯಾವ ಕಪಾಟು ಮೊದಲು ಎಂದು ತೀರ್ಮಾನಿಸಿದವಳು ಅವಳೇ. ಕೇಳಿಕೊಂಡು ಬರುವವರು ಹೆಚ್ಚೆಂದು ವೈದ್ಯಕೀಯ, ಎಂಜಿನಿಯರಿಂಗು ಮೊದಲು ಹಿಡಿದಿದ್ದಳು. ಶಿಕ್ಷಕರ ತರಬೇತಿಯ ಹಾಳೆಗಳು ಫೋನಿನಲ್ಲಿ ಫೋಟೋಗಳಾಗಿ ಮಾತ್ರ ಇದ್ದವು. ಕಾನೂನಿನ ಕಪಾಟುಗಳಿಗೆ ಫೋಟೋ ಕೂಡ ಇರಲಿಲ್ಲ.

ಅವಳು ದಿನಕ್ಕೆ ಹತ್ತು ಹನ್ನೆರಡು ತಾಸು ಕೂತು ಫೋಟೋದಿಂದ ಹೆಸರು ಬರೆದಳು. ಐವರಲ್ಲಿ ಒಬ್ಬರಿಗೆ ಕರೆಂಟು ಹೋದರೂ ಆ ದಿನದ ಹೆಸರೆಲ್ಲ ಹೊರಗೇ ಕಾಯುತ್ತಿದ್ದವು. ಅವಳು ಫೋನು ಮಾಡಿ ಕಾಡುತ್ತಿದ್ದಳು, ಬೇಡುತ್ತಿದ್ದಳು, ಒಮ್ಮೊಮ್ಮೆ ಬೈಯುತ್ತಿದ್ದಳು. ಡಿಸೆಂಬರಿಗೆ ಹನ್ನೊಂದು ಸಾವಿರದ ನಾನೂರು ಹೆಸರು ಒಳಗೆ ಸೇರಿದ್ದವು. ಸಾವಿರದ ನೂರ ನಲವತ್ತು ಬಾಕಿ.

ಆಗ ವಾದ್ ಮದನಿ ಬಂದೂಕಿನವರ ಕೈಗೆ ಬಿತ್ತು.

ಎಹ್ಲಾಮ್ ಅಂಗಡಿಗೆ ಬೀಗವನ್ನೂ ಹಾಕದೆ ಹೊರಟಳು. ಯಂತ್ರದ ಡಿಸ್ಕನ್ನು ಕಳಚಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹುಗಿದಿದ್ದಳು. ದಾರಿಯ ತಪಾಸಣೆಯಲ್ಲಿ ಬಂದೂಕಿನವನೊಬ್ಬ ಕೋಲಿನಿಂದ ಹಿಟ್ಟು ಕೆದಕಿದ. ಕೋಲು ಡಿಸ್ಕಿಗೆ ತಾಗಲಿಲ್ಲ. ಅವನು ಅವಳ ಬಳೆ, ಫೋನು ಕಿತ್ತುಕೊಂಡು ಬಿಟ್ಟ. ಮೂರು ದಿನ ನಡೆದು, ಸಿಕ್ಕಿದ ಗಾಡಿ ಹತ್ತಿ ಅವಳು ಗದಾರಿಫ್ ಸೇರಿ, ಒಂದು ಶಾಲೆಯ ಜಗಲಿಯಲ್ಲಿ ಜಾಗ ಹಿಡಿದಳು. ಯಾರದೋ ಫೋನಿನಿಂದ ಸಿತ್ತನಾಳಿಗೆ ಕರೆ ಮಾಡಿ, ಡಿಸ್ಕ್ ಉಳೀತು ಎಂದಳು. ಸಿತ್ತನಾ ಅಲ್ಲಾಹನನ್ನು ನೆನೆಯುವಷ್ಟರಲ್ಲಿ, ಹೌದು ಎನ್ನುವ ಕೀಲಿ ಕಿತ್ತುಕೊಂಡ ಫೋನಿನಲ್ಲೇ ಇತ್ತು ಎಂದು ಹೇಳಿ ಅತ್ತಳು.

ದಫ್ತರ ಉಳಿದಿತ್ತು, ಎಹ್ಲಾಮಳ ಹೌದು ಹೋಗಿತ್ತು. ನಾಲ್ಕೇ ಮನೆ. ಹೊಸ ಕೀಲಿ ಕೊಡಬೇಕಾದರೆ ಕೋಡ್ ತಿದ್ದಬೇಕು, ತಿದ್ದುವವನು ಇಲ್ಲ. ಇನ್ನು ಒಂದು ಹೆಸರೂ ಒಳಗೆ ಹೋಗುವಂತಿರಲಿಲ್ಲ.

ಜನವರಿಯಲ್ಲಿ ತಸಾಬೀಹ್ ಎಂಬ ಹೆಣ್ಣುಮಗಳ ಸಂದೇಶ ಬಂತು. ಗಣಿತದ ಶಿಕ್ಷಕಿ. ಮಸ್ಕತ್ತಿನ ಶಾಲೆಯೊಂದು ತಿಂಗಳ ಕೊನೆಯೊಳಗೆ ಪುರಾವೆ ಕೇಳಿತ್ತು. ಕೆಲಸ ಸಿಕ್ಕಿದರೆ ಇಬ್ಬರು ತಂಗಿಯರನ್ನೂ ಗುಂಡೇಟಿನ ಗಾಯದ ತಾಯಿಯನ್ನೂ ಕರೆದುಕೊಂಡು ಹೋಗುವ ಆಸೆ. ಸಿತ್ತನಾ ಫೋನಿನಲ್ಲಿ ಹುಡುಕಿದಳು. ಹಾಳೆ ಸಿಕ್ಕಿತು. ಪ್ರಥಮ ದರ್ಜೆ. ಅದರ ಅಂಚಿನಲ್ಲಿ ಅವಳದೇ ಬೆರಳು ಫೋಟೋದಲ್ಲಿ ಬಿದ್ದಿತ್ತು.

ಒಂದೇ ದಾರಿ ಇತ್ತು. ಬಯಲಿನಲ್ಲಿರುವ ಕೋಡನ್ನು ಯಾರು ಬೇಕಾದರೂ ನಕಲು ಮಾಡಿಕೊಂಡು ಹೊಸ ಕವಲು ಒಡೆಯಬಹುದು. ಕವಲಿಗೆ ಹೊಸ ನಿಯಮ: ಐದರ ಬದಲು ಮೂರು ಹೌದು ಸಾಕು. ಕಸ್ಸಲಾದವನು, ಪೋರ್ಟ್ ಸುಡಾನಿನವನು ಇಬ್ಬರೂ ಒಪ್ಪಿದರು. ಹಸಬು ಮೇಷ್ಟ್ರು ಇವತ್ತೇ ಮಾಡೋಣ ಎಂದರು. ಕುಕು ಒಪ್ಪಲಿಲ್ಲ.

"ಅಕ್ಕಾ, ಇವತ್ತ ಐದನ್ನ ಮೂರು ಮಾಡಿದ್ವಿ ಅಂದ್ರ, ನಾಳೆ ಯಾವನೋ ಬಂದು ಮೂರನ್ನ ಒಂದು ಮಾಡ್ತಾನ. ಆಮ್ಯಾಲೆ ನಮಗೂ ಆ ಹಾಳಿ ಬದಲಿಸಿದಾಂವಗೂ ಏನ್ ಫರಕ ಉಳೀತು?"

"ಹೆಣ್ಣುಮಗಳ ಬದುಕು ಕುಕು ಇದು. ನಿಯಮ ತಗೊಂಡು ಏನ್ಮಾಡ್ಲಿ?"

"ನಿಯಮಾನ ಬ್ಯಾಡಂದ್ರ ಕಾಗದದ ಮ್ಯಾಲೆ ನೀನ ಬರದು ಕೊಡು. ಯಾರು ನಂಬ್ತಾರ ನೋಡೂಣು."

ಸಿಟ್ಟಿನಲ್ಲಿ ಅವಳು ಹಾಗೆಯೇ ಮಾಡಿದಳು. ಹತ್ತೊಂಬತ್ತು ವರ್ಷದ ಗುಮಾಸ್ತೆ ನಾನು, ಈ ಹಾಳೆಯನ್ನು ಕಣ್ಣಾರೆ ನೋಡಿದ್ದೇನೆ ಎಂದು ತನ್ನ ಕೈಯಾರೆ ಬರೆದು, ಸಹಿ ಹಾಕಿ, ಫೋಟೋ ಜೊತೆಗೆ ಕಳಿಸಿದಳು. ಇಂಥ ಪತ್ರಗಳು ದಿನಕ್ಕೆ ಹತ್ತು ಬರುತ್ತವೆ ಎಂದು ಶಾಲೆಯಿಂದ ಮರ್ಯಾದೆಯ ಉತ್ತರ ಬಂತು. ಗಡುವು ಮುಗಿದ ಮರುದಿನ ತಸಾಬೀಹ್ ಬರೆದಳು: "ನಿಮ್ಮ ಫೋನಿನಲ್ಲಿ ನಾನು ಪ್ರಥಮ ದರ್ಜೆ. ನಿಮ್ಮ ದಫ್ತರದಲ್ಲಿ ನಾನು ಹುಟ್ಟೇ ಇಲ್ಲ." ಸಿತ್ತನಾ ಉತ್ತರ ಬರೆಯಲು ಕೂತಳು. ಬರೆದು, ಅಳಿಸಿ, ಸಂಜೆಯ ಹೊತ್ತಿಗೆ ಕ್ಷಮಿಸು ಎಂಬ ಒಂದು ಮಾತು ಉಳಿಯಿತು. ಅದನ್ನು ಕಳಿಸಿದಳು.

ಫೆಬ್ರವರಿಯಲ್ಲಿ ದೇಶದ ತುಂಬ ಫೋನು, ಅಂತರ್ಜಾಲ ಎರಡೂ ಸತ್ತವು. ಅತ್ಬರಾದ ಮಾರುಕಟ್ಟೆಯಲ್ಲಿ ಒಬ್ಬ ಉಪಗ್ರಹದ ತಟ್ಟೆ ಇಟ್ಟುಕೊಂಡು ಕೂತ. ಅದರ ಮುಂದೆ ಮಸೀದಿಗಿಂತ ಜನ. ಸಿತ್ತನಾ ಸೀರೆಯ ಹಾಗೆ ಮೈಗೆ ಸುತ್ತಿದ ತೋಬಿನ ಸೆರಗು ತಲೆಗೆ ಬಿಗಿದು, ಬಿಸಿಲಲ್ಲಿ ಸರತಿ ನಿಂತು ದಿನಕ್ಕೆ ಒಂದು ತಾಸು ಪಡೆಯುತ್ತಿದ್ದಳು. ಕಸ್ಸಲಾ, ಪೋರ್ಟ್ ಸುಡಾನು ಹೇಗೋ ಸಿಗುತ್ತಿದ್ದವು. ಮುತ್ತಿಗೆಯೊಳಗಿದ್ದ ಅಲ್ ಉಬೈಯಿದ್ ಸಿಗಲೇ ಇಲ್ಲ.

"ಕುಕು ಇದ್ದಾನೋ ಇಲ್ವೋ ದೇವರಿಗೆ ಗೊತ್ತು" ಎಂದರು ಹಸಬು ಮೇಷ್ಟ್ರು. ಎಪ್ಪತ್ತು ಮುಟ್ಟಿದ ಮನುಷ್ಯ, ಯಾರ ಬಗ್ಗೆಯೂ ಕೆಡುಕು ಆಡಿದವರಲ್ಲ. "ಬೇಡ ಅನ್ನೋನು ಒಬ್ಬನೇ ಮಗಳೇ, ಅವನೂ ಈಗ ಇಲ್ಲ. ಮಾಡಿಬಿಡು. ಪಾಪ ನನಗಿರಲಿ."

ಅವಳು ಒಪ್ಪಿದಳು. ಒಂದು ಮಧ್ಯಾಹ್ನ ತಟ್ಟೆಯ ಅಂಗಡಿಯ ಗೋಣಿ ನೆರಳಿನಲ್ಲಿ ಕೂತು, ಮೇಷ್ಟ್ರ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು, ತಾನೇ ಕಲಿತಿದ್ದಷ್ಟು ಕೋಡಿನಿಂದ ಕವಲು ಮಾಡತೊಡಗಿದಳು. ಮನೆಗಳ ಪಟ್ಟಿ ಬಂತು. ತನ್ನ ಮೇಜಿನದನ್ನು ತೆಗೆದಳು. ಮುತವಕ್ಕಿಲನದನ್ನು ತೆಗೆಯುವಾಗ ಕೈ ತಡೆಯಿತು, ಆದರೂ ತೆಗೆದಳು. ಎಹ್ಲಾಮಳದು ಹೋಯಿತು. ಕುಕುವಿನ ಹೆಸರಿನ ಮೇಲೆ ಬೆರಳಿಟ್ಟಾಗ, ಬೇಡ ಅಂದವನಿಗೆ ಗೊತ್ತಾಗದ ಹಾಗೆ ಅವನ ಸಾಲನ್ನು ಕೀಳುತ್ತಿರುವ ಕೈ ತನ್ನದೇ ಎಂಬುದು ಅವಳಿಗೆ ಹೊಳೆಯಿತು. ತಾಸು ಮುಗಿಯಿತೆಂದು ಅಂಗಡಿಯವನು ಕೂಗಿದ. ಅವಳು ಮಾಡಿದ್ದನ್ನೆಲ್ಲ ಅಳಿಸಿ ಎದ್ದಳು.

ಮೇಷ್ಟ್ರು ಎರಡು ದಿನ ಅವಳ ಜೊತೆ ಮಾತಾಡಲಿಲ್ಲ. ಅವಳಿಗೆ ತನ್ನ ಜೊತೆಗೇ ಮಾತು ಬೇಡವಾಗಿತ್ತು. ಸರಿ ಮಾಡಿದೆನೆಂಬ ಸಮಾಧಾನ ಒಂದು ಗಳಿಗೆಯೂ ಆಗಲಿಲ್ಲ. ಸಾವಿರದ ನೂರ ನಲವತ್ತು ಜನ ತನ್ನ ಅಂಜುಬುರುಕುತನದಿಂದ ಹೊರಗಿದ್ದಾರೆ ಎನಿಸುತ್ತಿತ್ತು. ತಾಯಿ ತಟ್ಟೆಯಲ್ಲಿ ಜೋಳದ ತೆಳು ದೋಸೆ ಕಿಸ್ರ ಹಾಕಿ ಮುಂದೆ ತಳ್ಳಿದರೆ ಮುರಿದು ಮುರಿದು ಅಲ್ಲೇ ಬಿಡುತ್ತಿದ್ದಳು. ಹಾಜ್ಜಾ ಬತೂಲ್ ಈಗ ಬೆಕ್ಕಿನ ಮಾತು ಎತ್ತುತ್ತಿರಲಿಲ್ಲ.

ಐದು ವಾರದ ಮೇಲೆ, ಮಾರ್ಚಿನಲ್ಲಿ, ತಟ್ಟೆಯಂಗಡಿಯಲ್ಲಿ ತನ್ನ ತಾಸಿಗೆ ಕೂತಿದ್ದವಳಿಗೆ, ಆ ಕಡೆಯ ಇನ್ನೊಂದು ತಟ್ಟೆಯಿಂದ ಕರೆ ಬಂತು. ಕುಕು. ಅಂಗಡಿಯ ಮುಂಗಟ್ಟು ಶೆಲ್ಲಿಗೆ ಹಾರಿಹೋಗಿತ್ತು. ಯಂತ್ರವನ್ನು ಮನೆಗೆ ಹೊತ್ತು, ಮಂಚದ ಮೇಲೆ ಅದನ್ನು ಮಲಗಿಸಿ ತಾನು ನೆಲದಲ್ಲಿ ಮಲಗುತ್ತಿದ್ದ.

"ನನ್ನ ಹೆಸರು ಹೊಡದು ಹಾಕಿರೇನು?" ಅದೇ ಅವನ ಮೊದಲ ಮಾತು.

"ಹಾಕೋಕೆ ಹೋಗಿದ್ದೆ. ಹಾಕಲಿಲ್ಲ."

"ಹಂಗಾರ ಕೇಳು" ಎಂದ ಕುಕು. "ಕವಲು ಮಾಡೂಣು. ಖರೆ ಐದು ಐದ ಇರ್ಲಿ. ಮನಿ ಕಡಿಮಿ ಆದ್ರ ನಿಯಮ ಕಡಿಮಿ ಮಾಡಬ್ಯಾಡ, ಮನಿ ಹುಡಕು. ನೀ ಮೊದಲ ಹೆಂಗ ಹುಡಕಿದ್ದಿ, ಹಂಗ."

ಹುಡುಕಬೇಕಾದದ್ದು ಮೂರು. ಎಹ್ಲಾಮಳಿಗೆ ಹೊಸ ಕೀಲಿ ಕೊಟ್ಟರೆ ಒಂದಾಯಿತು. ಗದಾರಿಫಿನ ಒಂದು ಚಿಕಿತ್ಸಾಲಯ ಅವಳ ಡಿಸ್ಕಿಗೆ ಮೂಲೆ ಕೊಟ್ಟಿತು. ದೊಂಗೊಲಾದ ಒಬ್ಬ ಕ್ಷೌರಿಕ, ಹಳೆಯ ನಲವತ್ತು ಜನರಲ್ಲಿ ಒಬ್ಬ, ಎರಡನೆಯವನಾದ. ಆದರೆ ಹೊಸ ಕವಲೆಂದರೆ ಮುತವಕ್ಕಿಲ್ ಇನ್ನಿಲ್ಲವೆಂದು ಒಪ್ಪಿಕೊಂಡಂತೆ. ಅದನ್ನು ಅವನ ಮನೆಯವರ ಬಾಯಿಂದ ಕೇಳದೆ ಮಾಡಲು ಅವಳಿಗೆ ಮನಸ್ಸು ಬರಲಿಲ್ಲ. ಯಾರು ಯಾರನ್ನೋ ಹಿಡಿದು, ಕೈರೋ ಸೇರಿದ್ದ ಅವನ ಅಕ್ಕ ಇಜ್ಲಾಲಳ ನಂಬರು ಪಡೆದಳು.

ಇಜ್ಲಾಲ್ ಅಳದೆ ಹೇಳಿದಳು. ಹೋದ ವರ್ಷ ಮೇ ನಾಲ್ಕರಂದು ನೀರಿಗೆಂದು ಕೊಡ ಹಿಡಿದು ನೈಲಿನ ದಡಕ್ಕೆ ಹೋದ. ನೆರೆಯವರು ಹೊತ್ತು ತಂದರು. ಗೋರಿಸ್ಥಾನಕ್ಕೆ ಹೋಗುವ ಹಾಗಿರಲಿಲ್ಲ, ಅಂಗಳದಲ್ಲೇ ಮಣ್ಣು ಮಾಡಿದರು. ತಂದೆ ಒಂಬತ್ತು ದಿನದ ಮೇಲೆ ಹೋದರು. ಸಿತ್ತನಾ ಫಾತಿಹಾ ಓದಿದಳು. ಓದಿ ಮುಗಿಸಿ, ತನ್ನ ನಾಲಿಗೆಗೆ ತಾನೇ ಹೇಸುತ್ತ, ಕೀಲಿಯ ಬಗ್ಗೆ ಅವನು ಏನಾದರೂ ಹೇಳಿದ್ದನೇ ಎಂದು ಕೇಳಿದಳು.

"ಅವನ ಒಂದು ಅಂಗೀನೂ ನಮಗೆ ಸಿಗಲಿಲ್ಲ" ಎಂದಳು ಇಜ್ಲಾಲ್. "ನಿಮಗೆ ಕೀಲಿ ಬೇಕಾ?" ಫೋನು ಇಟ್ಟಳು.

ಸಿತ್ತನಾ ಹೊಸ ಕವಲಿನ ವಿಷಯವನ್ನು ಬರೆದು ಕಳಿಸಿದಳು; ಒಂದು ವಾರದ ಮೇಲೆ ಇಜ್ಲಾಲಳೇ ಮತ್ತೆ ಕರೆ ಮಾಡಿದಳು. ಕೋಡನ್ನು ನಕಲು ಮಾಡಿದರೆ ತಮ್ಮನ ಹೆಸರು ಅಳಿಸಿಹೋಗುತ್ತದೆಯೇ ಎಂದು ಕೇಳಿದಳು.

"ಇಲ್ಲಮ್ಮ. ಅವನು ಬರೆದ ಒಂದೊಂದು ಸಾಲಿನ ಪಕ್ಕದಲ್ಲೂ ಅವನ ಹೆಸರು, ತಾರೀಖು ಇರತ್ತೆ. ಯಾರು ನಕಲು ಮಾಡಿದ್ರೂ ಜೊತೆಗೇ ಹೋಗತ್ತೆ."

"ಇಲ್ಲಿ ಕರೆಂಟು ಹೋಗೋದು ಕಮ್ಮಿ" ಎಂದಳು ಇಜ್ಲಾಲ್. "ಒಂದು ಮನೆ ನಂದು ಅಂತ ಬರ್ಕೊಳ್ಳಿ. ಏನ್ಮಾಡಬೇಕು ಅನ್ನೋದು ಮಾತ್ರ ನನಗೆ ಗೊತ್ತಿಲ್ಲ." ಸಿತ್ತನಾ ಹದಿನಾಲ್ಕು ಪುಟ ಕಳಿಸಿಕೊಟ್ಟಳು.

ಜುಲೈಯ ಒಂದು ಬೆಳಿಗ್ಗೆ ಹಳೆಯ ಪ್ರತಿ ಉಳಿಸಿಕೊಂಡಿದ್ದ ಐದು ಜನ ಒಂದೇ ಕರೆಯಲ್ಲಿ ಸೇರಿದರು. ಹಳೆಯ ದಫ್ತರವನ್ನು ಹೊಸ ಕವಲಿಗೆ ಸಾಗಿಸುವ ಮೊದಲು ಎಲ್ಲರ ಪ್ರತಿಯೂ ಒಂದೇ ಎಂದು ಖಾತ್ರಿಯಾಗಬೇಕಿತ್ತು. ಕೊನೆಯ ಪುಟದ ಗುರುತು ಅರವತ್ತನಾಲ್ಕು ಅಕ್ಷರ. ಒಂದು ಹೆಸರು ಎಲ್ಲಿ ಬದಲಾಗಿದ್ದರೂ ಆ ಗುರುತು ಬದಲಾಗುತ್ತದೆ. ಕುಕು ಓದಿದ, ಉಳಿದವರು ತಮ್ಮ ತಮ್ಮದನ್ನು ನೋಡಿಕೊಂಡರು. ದನಿ ಕಡಿದು ಕಡಿದು ಬರುತ್ತಿತ್ತು, ಮೂರು ಸಲ ಮೊದಲಿಂದ ಶುರು ಮಾಡಬೇಕಾಯಿತು. ಮುತ್ತಿಗೆಯೊಳಗಿದ್ದ ಮಂಚದ ಮೇಲಿನದು, ಹಿಟ್ಟಿನ ಡಬ್ಬಿಯಲ್ಲಿ ಬಂದದ್ದು, ಮೇಷ್ಟ್ರ ಶಾಲೆಯದು, ಉಳಿದೆರಡು, ಎಲ್ಲವೂ ಅಕ್ಷರಕ್ಕೆ ಅಕ್ಷರ ಕೂಡಿದವು. ಮೇಷ್ಟ್ರು ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸುತ್ತಲೇ ಇದ್ದರು. ಕೋಡ್ ತಿದ್ದುವ ಹಕ್ಕನ್ನು ಈ ಸಲ ಮೂವರಿಗೆ ಕೊಟ್ಟರು, ಇಬ್ಬರು ಕೂಡಿದರೆ ಮಾತ್ರ ನಡೆಯುವ ಹಾಗೆ. ಸಿತ್ತನಾ ಆ ಮೂವರಲ್ಲಿ ಒಬ್ಬಳು.

ಬಾಕಿ ಹೆಸರುಗಳನ್ನು ಅವಳು ಕಪಾಟಿನ ಸರದಿಯಂತೆಯೇ ಬರೆದಳು, ಯಾರನ್ನೂ ಮುಂದೆ ತಳ್ಳಲಿಲ್ಲ. ತಸಾಬೀಹಳ ಹೆಸರಿಗೆ ಐದನೇ ಹೌದು ಒಂಬತ್ತನೇ ದಿನ ಬಿತ್ತು. ಪುರಾವೆ ಕಳಿಸಿದಳು. ಸಂದೇಶ ಆ ಕಡೆ ತಲುಪಿದ ಗುರುತು ಬರಲೇ ಇಲ್ಲ. ಮತ್ತೆ ಮತ್ತೆ ಕಳಿಸಿದಳು. ಆ ನಂಬರು ಈಗ ಯಾರ ಬಳಿಯೂ ಇಲ್ಲವೆಂದು ಕೊನೆಗೆ ಗೊತ್ತಾಯಿತು. ತಂಗಿಯರ ಬಗ್ಗೆ, ತಾಯಿಯ ಬಗ್ಗೆ ಹೇಳುವವರು ಯಾರೂ ಸಿಗಲಿಲ್ಲ.

ಅಕ್ಟೋಬರಿಗೆ ಸಾವಿರದ ನೂರ ನಲವತ್ತೂ ಮುಗಿದವು. ಉಳಿದದ್ದು ಕಾನೂನಿನ ಕಪಾಟುಗಳು, ಆರು ಸಾವಿರ ಜನ, ಒಬ್ಬರದೂ ಫೋಟೋ ಇಲ್ಲ. ಅವರಲ್ಲಿ ಹಾತಿಮ್ ಎಂಬ ವಕೀಲ ಪೋರ್ಟ್ ಸುಡಾನಿನಲ್ಲಿ ಕತ್ತೆಗಾಡಿಯಲ್ಲಿ ನೀರು ಮಾರುತ್ತಿದ್ದ. ತನ್ನ ಕಪಾಟಿನ ನಂಬರು, ಸಾಲು, ತಾನು ಸರ್ಟಿಫಿಕೇಟಿಗೆ ಬಂದ ದಿನ ಕೌಂಟರಿನಲ್ಲಿ ಸಿತ್ತನಾ ಉಟ್ಟಿದ್ದ ತೋಬಿನ ಬಣ್ಣ ಸಮೇತ ನೆನಪಿಟ್ಟು ಹೇಳಿದ. ಅವಳಿಗೂ ಅವನ ಮುಖ ನೆನಪಾಯಿತು. ಇಲ್ಲ, ನಿಮ್ಮದು ನಮ್ಮಲ್ಲಿಲ್ಲ ಎಂದು ಹೇಳಲೇಬೇಕಾಯಿತು.

"ಹಾಗಾದ್ರೆ ಓದಿದ ಐದು ವರ್ಷ ನಾನು ಎಲ್ಲಿದ್ದೆ ತಾಯಿ?" ಎಂದು ಅವನು ಮೆಲ್ಲಗೆ ಕೇಳಿದ.

ಅವಳು ಅದನ್ನು ಏಳು ಮನೆಯವರ ಮುಂದಿಟ್ಟಳು. ಬೇರೆಯದೇ ಒಂದು ದಫ್ತರ ಇರಲಿ. ಜೊತೆಗೆ ಓದಿದ ಮೂವರು, ಪಾಠ ಹೇಳಿದ ಒಬ್ಬರು ಸಾಕ್ಷಿ ನುಡಿದರೆ ಅದರಲ್ಲಿ ಬರೆಯೋಣ, ಇದು ನೋಡಿದ್ದಲ್ಲ, ಕೇಳಿದ್ದು ಎಂದು ಮೇಲೆಯೇ ಹೇಳೋಣ ಎಂದಳು. ಎಹ್ಲಾಮ್ ತಕ್ಷಣ ಹೂಂ ಎಂದಳು. ಹಣ ಕೊಟ್ಟರೆ ಸಾಕ್ಷಿಗೇನು ಬರ ಎಂದ ಕುಕು. ಹಸಬು ಮೇಷ್ಟ್ರು, ಪಾಠ ಹೇಳಿದವರೇ ತೀರಿಹೋಗಿದ್ದರೆ ಸಾಕ್ಷಿ ಎಲ್ಲಿಂದ ತರ್ತೀರಿ ಎಂದರು. ಇಜ್ಲಾಲ್ ಯಾರ ಪರವೂ ಮಾತಾಡದೆ, ಹೊರಗೆ ಕಾಯುತ್ತಿರುವವರು ಎಷ್ಟು ಜನ ಎಂದು ಮಾತ್ರ ಕೇಳಿದಳು. ಸಿತ್ತನಾ ಹೇಳಿದಳು. ಅಲ್ಲಿಂದ ಶುರುವಾದ ಜಗಳ ಇನ್ನೂ ಹರಿದಿಲ್ಲ. ಮೂರು ಸಲ ಮತಕ್ಕೆ ಹಾಕಿದರು, ಮೂರು ಸಲವೂ ನಾಲ್ಕು ಹೌದು, ಮೂರು ಇಲ್ಲ. ಹಾತಿಮ್ ವಾರಕ್ಕೊಮ್ಮೆ, ನೀರು ಮಾರಿ ಬಂದು ಕತ್ತೆಯನ್ನು ಕಟ್ಟಿ, ಏನಾಯಿತೆಂದು ಕೇಳುತ್ತಾನೆ. ಇನ್ನೂ ಒಬ್ಬರು ಒಪ್ಪಬೇಕು ಎಂದು ಅವಳು ಹೇಳುತ್ತಾಳೆ.